ವಿಪಿಎನ್ ಹಾಕಿಕೊಂಡರೆ ಮಾಯವಾಗಿಬಿಡ್ತೀವಾ?

ಮೊಬೈಲಿಗೆ ವಿಪಿಎನ್ ಆ್ಯಪ್ ಹಾಕಿಕೊಂಡರೆ ಇಂಟರ್ನೆಟ್‌ನಲ್ಲಿ ಯಾರ ಕಣ್ಣಿಗೂ ಬೀಳಲ್ಲ ಅಂತ ನಂಬಿದವರು ನನ್ನ ಸುತ್ತ ಬಹಳ ಜನ ಇದ್ದಾರೆ. ಹಾಗೇನೂ ಇಲ್ಲ. ಅದು ಮಾಡುವುದು ಇಷ್ಟೇ: ನಮ್ಮ ಫೋನಿನಿಂದ ಹೊರಡುವುದನ್ನು ಯಾರೂ ಓದಲಾಗದಂತೆ ಗುಟ್ಟಾಗಿಸಿ ತನ್ನ ಸರ್ವರಿಗೆ ಒಯ್ಯುತ್ತದೆ, ಅಲ್ಲಿ ಬಿಚ್ಚಿ ಮುಂದಕ್ಕೆ ಕಳಿಸುತ್ತದೆ. ಇಂಟರ್ನೆಟ್ ಕೊಡುವ ಕಂಪನಿಗೆ ನಾವು ಆ ಸರ್ವರ್ ಜೊತೆ ಮಾತಾಡುತ್ತಿರುವುದಷ್ಟೇ ಕಾಣುತ್ತದೆ. ನಾವು ಹೋದ ವೆಬ್‌ಸೈಟಿಗೆ ಕಾಣುವುದು ನಮ್ಮದಲ್ಲ, ಆ ಸರ್ವರಿನ ಐಪಿ ವಿಳಾಸ (ಇಂಟರ್ನೆಟ್‌ನಲ್ಲಿ ಗುರುತು ಹೇಳುವ ನಂಬರ್). ಆದರೆ ವಿಪಿಎನ್ ಕಂಪನಿಗೆ? ನಾವು ಯಾರು, ಎಲ್ಲಿಗೆ ಹೋದೆವು, ಎರಡೂ ಗೊತ್ತಾಗಬಹುದು. (ಪುಕ್ಕಟೆ ಆ್ಯಪ್‌ಗಳ ಮೇಲೆ ನನಗೆ ಅನುಮಾನ ಜಾಸ್ತಿ. ಸರ್ವರ್ ಖರ್ಚನ್ನು ಸುಮ್ನೆ ಯಾರು ಕೊಡುತ್ತಾರೆ?)

ಜಗಳ ಇರುವುದೂ ಇಲ್ಲೇ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಒಂದು ಆದೇಶ ಹೊರಡಿಸಿತು. ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರ್, ಅವರಿಗೆ ಕೊಟ್ಟ ಐಪಿ, ಇವನ್ನೆಲ್ಲ ವಿಪಿಎನ್ ಕಂಪನಿಗಳು 5 ವರ್ಷ ಇಟ್ಟುಕೊಳ್ಳಬೇಕು ಅಂತ. ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್ ಭಾರತದಲ್ಲಿದ್ದ ಸರ್ವರುಗಳನ್ನೇ ಎತ್ತಿಕೊಂಡು ಹೋದವು. ಎಕ್ಸ್‌ಪ್ರೆಸ್‌ವಿಪಿಎನ್ ಅಂತೂ ಸಿಂಗಪುರ, ಬ್ರಿಟನ್‌ನಲ್ಲಿ ಕೂತು ಭಾರತದ ಐಪಿ ಕೊಡತೊಡಗಿತು! ಕಂಪನಿಗಳು ತಮ್ಮ ನೌಕರರಿಗೆ ಕೊಡುವ ಆಫೀಸ್ ವಿಪಿಎನ್‌ಗೆ ಮಾತ್ರ ಈ ನಿಯಮ ಇಲ್ಲ. ಬೆಂಗಳೂರಿನಲ್ಲಿ ಮನೆಯಿಂದಲೇ ಆಫೀಸ್ ಕೆಲಸ ಮಾಡುವವರು ಬಚಾವ್.

ಸೈಬರ್ ವಂಚಕರನ್ನು ಹಿಡಿಯಲು ದಾಖಲೆ ಬೇಕು ಅನ್ನುವ ವಾದ ಸುಳ್ಳಲ್ಲ. ಆದರೆ ಏನೂ ತಪ್ಪು ಮಾಡದವರ ಪಟ್ಟಿಯನ್ನೂ ಅಷ್ಟು ವರ್ಷ ಕಾಪಿಡುವುದು ನನಗೆ ಒಪ್ಪಿಗೆಯಿಲ್ಲ. ಆ ಪಟ್ಟಿಯೇ ಸೋರಿದರೆ ಏನು ಗತಿ, ಅಲ್ವಾ?