ಗೇನ್ ಕಮ್ಮಿ ಮಾಡಿ ನೋಡಿ

ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಸದರ್ನ್ ರಾಕ್ (ಅಮೆರಿಕದ ದಕ್ಷಿಣ ರಾಜ್ಯಗಳ ರಾಕ್ ಶೈಲಿ) ನುಡಿಸಬೇಕು ಅಂದ ತಕ್ಷಣ ಆಂಪ್ಲಿಫೈಯರ್‌ನ, ಅಂದರೆ ಆಂಪ್‌ನ, ಗೇನ್ ನಾಬ್ (ಏರಿಸಿದಷ್ಟೂ ಸದ್ದು ಒಡಕಾಗುತ್ತದೆ) ಎಂಟಕ್ಕೆ ತಿರುಗಿಸುವ ಚಾಳಿ ನನಗೂ ಇತ್ತು. ಮಿಡ್ (ನಡುವಿನ ಸ್ತರದ ಸದ್ದು) ಪೂರ್ತಿ ಇಳಿಸಿ, ಬಾಸ್ (ತಗ್ಗಿನದು), ಟ್ರೆಬಲ್ (ಮೇಲಿನದು) ಎರಡನ್ನೂ ಏರಿಸಿ, ರೂಮಿನಲ್ಲಿ ಒಬ್ಬನೇ ಕೂತು ನುಡಿಸುವಾಗ ನನಗೆ ನಾನೇ ಭೇಷ್ ಅಂದುಕೊಳ್ಳುತ್ತಿದ್ದೆ. ಡ್ರಮ್ಸ್ ಮತ್ತು ಬಾಸ್ ಗಿಟಾರ್ ಜೊತೆ ಮೊದಲ ಸಲ ನುಡಿಸಿದ ದಿನ ಗಿಟಾರ್ ಎಲ್ಲಿ ಹೋಯ್ತೋ ಗೊತ್ತಾಗಲಿಲ್ಲ. ಕೈ ಆಡುತ್ತಿದೆ, ಸದ್ದೇ ಇಲ್ಲ!

ಆಮೇಲೆ ಸದರ್ನ್ ರಾಕ್ ಬ್ಯಾಂಡ್ ಆಲ್ಮನ್ ಬ್ರದರ್ಸ್ 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ ನುಡಿಸಿದ್ದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಅದರ ಗಿಟಾರಿಸ್ಟ್‌ಗಳಾದ ಡ್ವೇನ್ ಆಲ್ಮನ್, ಡಿಕಿ ಬೆಟ್ಸ್ ಇಬ್ಬರ ಕೈಯಲ್ಲೂ ಗಿಬ್ಸನ್ ಗಿಟಾರ್, ಹಿಂದೆ ಮಾರ್ಷಲ್ ಆಂಪ್. ನಾವು ಅಂದುಕೊಂಡಷ್ಟು ಡಿಸ್ಟಾರ್ಷನ್ (ಸದ್ದಿನ ಒಡಕು) ಅಲ್ಲಿ ಇಲ್ಲವೇ ಇಲ್ಲ. ಆಂಪ್ ಜೋರಾಗಿದೆ, ಅಷ್ಟೇ. ಮೆಲ್ಲಗೆ ಮೀಟಿದರೆ ಹೆಚ್ಚುಕಮ್ಮಿ ಕ್ಲೀನ್, ಗಟ್ಟಿಯಾಗಿ ಮೀಟಿದರೆ ಗೊಗ್ಗರು. ಇಬ್ಬರೂ ಸೇರಿ ಹಾರ್ಮನಿ ನುಡಿಸುವಾಗ ಎರಡೂ ಸ್ವರ ಬೇರೆ ಬೇರೆಯಾಗಿ ಕೇಳಿಸುವುದು ಅದಕ್ಕೇ. ಗೇನ್ ಏರಿಸಿದ್ದರೆ ಬರೀ ಗದ್ದಲ ಆಗುತ್ತಿತ್ತು, ಅಲ್ವಾ?

ಈಗ ನನ್ನದು ಹೀಗಿದೆ: ಹಂಬಕರ್ (ಎರಡು ಸುರುಳಿಯ, ದಪ್ಪ ಸದ್ದಿನ ಪಿಕಪ್; ಪಿಕಪ್ ಅಂದರೆ ತಂತಿಯ ಕಂಪನ ಹಿಡಿಯುವ ಭಾಗ), ಅದರಲ್ಲೂ ತಂತಿಗಳ ಕೆಳತುದಿಯ ಬ್ರಿಜ್ ಹತ್ತಿರದ್ದು, ಗೇನ್ 4, ಬಾಸ್ 4, ಟ್ರೆಬಲ್ 5, ಮಿಡ್ 7. ರಿವರ್ಬ್ (ಗುಂಗು) ಚೂರು. ಆಂಪ್ ಜೋರು ಮಾಡೋಕೆ ಆಗದಿದ್ದರೆ ಅದರ ಮುಂದೆ ಒಂದು ಓವರ್‌ಡ್ರೈವ್ ಪೆಡಲ್ (ಸದ್ದಿಗೆ ಹದವಾದ ಒಡಕು ಕೊಡುವ, ಕಾಲಲ್ಲಿ ಒತ್ತುವ ಪೆಟ್ಟಿಗೆ), ಅದರ ಡ್ರೈವ್ ಕಮ್ಮಿ, ಲೆವೆಲ್ ಜಾಸ್ತಿ. ಸೋಲೋ ದುಂಡಗೆ ಬೇಕಾದರೆ ಗಿಟಾರ್‌ನ ಕುತ್ತಿಗೆ ಹತ್ತಿರದ ನೆಕ್ ಪಿಕಪ್‌ಗೆ ಬಂದು ಟೋನ್ ಸ್ವಲ್ಪ ಇಳಿಸುತ್ತೇನೆ.

ಇನ್ನೊಂದು ಸದರ್ನ್ ರಾಕ್ ಬ್ಯಾಂಡ್ ಲಿನರ್ಡ್ ಸ್ಕಿನರ್ಡ್ ಕಥೆ ಇನ್ನೂ ಮಜಾ. ಮೂರು ಗಿಟಾರ್! ಗ್ಯಾರಿ ರಾಸಿಂಗ್‌ಟನ್ ಹತ್ತಿರ ಗಿಬ್ಸನ್ ಕಂಪನಿಯ ಲೆಸ್ ಪಾಲ್, ಆಲನ್ ಕಾಲಿನ್ಸ್ ಹತ್ತಿರ ಮೊದಲು ಗಿಬ್ಸನ್‌ದೇ ಫೈರ್‌ಬರ್ಡ್, ಆಮೇಲೆ ಎಕ್ಸ್‌ಪ್ಲೋರರ್, ಎಡ್ ಕಿಂಗ್ ಹತ್ತಿರ ಫೆಂಡರ್ ಕಂಪನಿಯ ಸ್ಟ್ರ್ಯಾಟೋಕ್ಯಾಸ್ಟರ್, ಅಂದರೆ ಸ್ಟ್ರ್ಯಾಟ್. ಆಂಪ್ ನೋಡಿದರೆ ಮಿಸಿಸಿಪಿಯ ಪೀವಿ ಕಂಪನಿಯ ಮೇಸ್. ಮಾರ್ಷಲ್ ಇಲ್ಲದೆ ಈ ಟೋನ್ ಬರಲ್ಲ ಅನ್ನುವವರಿಗೆ ಇದನ್ನೊಮ್ಮೆ ಹೇಳಿ. ನಿಮ್ಮದೂ ಸ್ಟ್ರ್ಯಾಟ್ ಆದರೆ, ಸದ್ದು ತೆಳು ಅನ್ನಿಸಿದಾಗ ಗೇನ್ ಏರಿಸೋಕೆ ಹೋಗಬೇಡಿ, ಟ್ರೆಬಲ್ ಇಳಿಸಿ ಮಿಡ್ ಏರಿಸಿ.

ನಿಜವಾದ ಕೆಲಸ ಇರುವುದು ಗಿಟಾರ್‌ನ ವಾಲ್ಯೂಮ್ ನಾಬ್‌ನಲ್ಲಿ. ನಾನು ವರ್ಷಗಟ್ಟಲೆ ಅದನ್ನು ಸುಮ್ನೆ ಹತ್ತರಲ್ಲೇ ಬಿಟ್ಟಿದ್ದೆ. ಈಗ ರಿದಮ್‌ಗೆ ಆರು, ಸೋಲೋಗೆ ಹತ್ತು, ಪೆಡಲ್ ಒತ್ತುವ ಗೋಜೇ ಇಲ್ಲ. ನಾಬ್ ಇಳಿಸಿದಾಗ ಸದ್ದು ಮಂಕಾದರೆ ಅದರ ಪಾಟ್‌ಗೆ (ನಾಬ್ ಕೆಳಗಿನ ತಿರುಗುವ ಭಾಗ) ಒಂದು ಪುಟ್ಟ ಟ್ರೆಬಲ್ ಬ್ಲೀಡ್ ಕೆಪಾಸಿಟರ್ (ಟ್ರೆಬಲ್ ಹಾಯಲು ಬಿಡುವ ಬಿಡಿಭಾಗ) ಬೆಸುಗೆ ಹಾಕಿಸಿ, ಹೊಳಪು ಉಳಿಯುತ್ತದೆ.