ನನ್ನದು ಕನೆಕ್ಟ್ ಆಗಿದೆಯಲ್ಲ, ನಿಮ್ಮ ರೌಟರ್ ನೋಡಿ

ಆಫೀಸಿನ ಐಟಿ ನೋಡಿಕೊಳ್ಳುವ ನನಗೆ ಸೋಮವಾರ ಬೆಳಿಗ್ಗೆ 9:40ಕ್ಕೆ ಮೊದಲ ಟಿಕೆಟ್, ಅಂದರೆ ದೂರು, ಬಂತು. ಅಕೌಂಟ್ಸ್‌ನ ಮೇಡಂ ಒಬ್ಬರದು. "ವಿಪಿಎನ್ ಕನೆಕ್ಟ್ ಆಗ್ತಿಲ್ಲ, ಸುಮ್ನೆ ಸುತ್ತುತ್ತಾ ಇದೆ." ವಿಪಿಎನ್ ಅಂದರೆ ಹೊರಗಿನಿಂದ ಆಫೀಸಿನ ನೆಟ್‌ವರ್ಕ್‌ಗೆ ಹೋಗುವ ಸುರಕ್ಷಿತ ದಾರಿ. ಲಾಗ್, ಅಂದರೆ ಅದರ ದಾಖಲೆ, ಕಳಿಸಿ ಅಂದೆ. ಅದರಲ್ಲಿ ಇದ್ದದ್ದು ಇಷ್ಟೇ: 60 ಸೆಕೆಂಡಿನೊಳಗೆ ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಸರ್ವರ್ ಜೊತೆಗಿನ ಮೊದಲ ಪರಿಚಯ) ಮುಗಿಯಲಿಲ್ಲ, ನಿಮ್ಮ ನೆಟ್‌ವರ್ಕ್ ನೋಡಿಕೊಳ್ಳಿ. ನಮ್ಮ ವಿಪಿಎನ್ ಸಾಫ್ಟ್‌ವೇರ್ ಓಪನ್‌ವಿಪಿಎನ್ನೇ ಹಾಗೆ ಹೇಳುವಾಗ ನಾನ್ಯಾಕೆ ಬೇರೆ ಹೇಳಲಿ? ರೌಟರ್ ಆಫ್ ಮಾಡಿ ಆನ್ ಮಾಡಿ ಮೇಡಂ ಅಂದೆ.

ಎರಡನೆಯವರಿಗೂ ರೌಟರ್. ಮೂರನೆಯವರಿಗೆ ಮೊಬೈಲ್ ಹಾಟ್‌ಸ್ಪಾಟ್. ಏಳನೇ ಟಿಕೆಟ್ ಬಂದಾಗಲೂ ನನಗೆ ಅನುಮಾನ ಬರಲಿಲ್ಲ. ಯಾಕೆಂದರೆ ನನ್ನ ಕನೆಕ್ಷನ್ ಕಲ್ಲಿನ ಹಾಗೆ ನಿಂತಿತ್ತು. 9:20ಕ್ಕೇ ಲಾಗಿನ್ ಆಗಿದ್ದೆ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ನನ್ನದು ಓಡುತ್ತಿದೆ ಅಂದಮೇಲೆ ಸರ್ವರ್ ಸರಿಯಿದೆ, ಅಲ್ವಾ?

10:05ಕ್ಕೆ ಮ್ಯಾನೇಜರ್ ಎಲ್ಲರೂ ಸೇರುವ ಬ್ರಿಡ್ಜ್ ಕಾಲ್ ತೆರೆದರು. "ಒಂದು ಸಲ ರೀಸ್ಟಾರ್ಟ್ ಮಾಡಿ ನೋಡಬಹುದಲ್ವಾ?" ಅಂದರು. ತಪ್ಪು ಅವರ ಮೇಲೆ ಹಾಕುವುದಿಲ್ಲ, ನನ್ನ ಬೆರಳು ಆಗಲೇ ವಿಪಿಎನ್ ಸರ್ವರ್ ನಿಲ್ಲಿಸಿ ಮತ್ತೆ ಶುರುಮಾಡುವ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಅಂತ ಟೈಪ್ ಮಾಡಿ ಮುಗಿಸಿತ್ತು. ಸರ್ವರ್‌ನ ಲಾಗ್ ಫೈಲ್ ಪಕ್ಕದಲ್ಲೇ ಇತ್ತು, ತೆರೆದಿರಲಿಲ್ಲ.

ಎಂಟರ್ ಒತ್ತಿದೆ. ಕರ್ಸರ್ ಕೆಳಗಿನ ಸಾಲಿಗೆ ಬರಲಿಲ್ಲ. ಇನ್ನೊಂದು ಸಲ ಒತ್ತಿದೆ. ಮತ್ತೊಂದು ಸಲ. ಸರ್ವರ್‌ಗೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಅನ್ನು ವಿಪಿಎನ್ ಒಳಗಿನಿಂದ ಮಾತ್ರ ಬಿಡುವ ಹಾಗೆ ಫೈರ್‌ವಾಲ್ ಬಿಗಿ ಮಾಡಿದ್ದು ನಾನೇ ಅಂತ ನೆನಪಾದಾಗ ಕೈ ತಣ್ಣಗಾಯಿತು. ನನ್ನ ಲ್ಯಾಪ್‌ಟಾಪ್ ಮೇಲೂ ಅದೇ ಸಂದೇಶ ಬಂತು: ನಿಮ್ಮ ನೆಟ್‌ವರ್ಕ್ ನೋಡಿಕೊಳ್ಳಿ. ಅಲ್ಲಿಯ ತನಕ ಹೊರಗೆ ಇದ್ದವರು ಏಳು ಜನ. ಈಗ ಇಡೀ ಆಫೀಸು, ನನ್ನನ್ನೂ ಸೇರಿಸಿ.

ಸರ್ವರ್ ಒಳಗೆ ಹೋಗಲು ಉಳಿದದ್ದು ಕ್ಲೌಡ್‌ನ ಬ್ರೌಸರ್ ಕನ್ಸೋಲ್ ಒಂದೇ. ಅದಕ್ಕೆ ರೂಟ್ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಇರುವ ವಾಲ್ಟ್ ವಿಪಿಎನ್ ಹಿಂದೆ! ಪುಣ್ಯಕ್ಕೆ ಫೋನಿನ ಆ್ಯಪ್‌ನಲ್ಲಿ ಆಫ್‌ಲೈನ್ ಪ್ರತಿ ಉಳಿದಿತ್ತು. 24 ಅಕ್ಷರ. ಆ ಕನ್ಸೋಲ್‌ನಲ್ಲಿ ಪೇಸ್ಟ್ ಆಗುವುದಿಲ್ಲ. ಟೈಪ್ ಮಾಡಿದ್ದೂ ಕಾಣುವುದಿಲ್ಲ. ಅದು ಸಣ್ಣ ಎಲ್ಲೋ, ಒಂದೋ, ದೊಡ್ಡ ಐಯೋ ಅಂತ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದೆ. ಎರಡು ಸಲ ತಪ್ಪಿತು. ನಡುನಡುವೆ ಕಾಲ್‌ನಲ್ಲಿ "ಅಪ್‌ಡೇಟ್ ಏನು?" ಅಪ್‌ಡೇಟ್ ಏನಂದರೆ ನಾನು ಅಕ್ಷರಮಾಲೆ ಕಲಿಯುತ್ತಿದ್ದೇನೆ ಸರ್ ಅನ್ನಬೇಕಿತ್ತು. ಅನ್ನಲಿಲ್ಲ.

ಮೂರನೇ ಸಲ ಒಳಗೆ ಹೋದೆ. ಲಾಗ್ ತೆರೆದೆ. ಸಾಲುಸಾಲಾಗಿ ಒಂದೇ ಮಾತು: ಸಿಆರ್‌ಎಲ್ ಹ್ಯಾಸ್ ಎಕ್ಸ್‌ಪೈರ್ಡ್. ಅಂದರೆ ರದ್ದಾದ ಸರ್ಟಿಫಿಕೇಟ್‌ಗಳ ಪಟ್ಟಿಯ ಅವಧಿ ಮುಗಿದಿದೆ.

ಆರು ತಿಂಗಳ ಹಿಂದೆ ಒಬ್ಬರು ಕೆಲಸ ಬಿಟ್ಟಿದ್ದರು. ಅವರ ವಿಪಿಎನ್ ಸರ್ಟಿಫಿಕೇಟ್ (ಒಳಗೆ ಬಿಡುವ ಗುರುತಿನ ಚೀಟಿ) ರಿವೋಕ್, ಅಂದರೆ ರದ್ದು, ಮಾಡಿ, ಸಿಆರ್‌ಎಲ್ ತಯಾರಿಸಿ, ಕಾನ್ಫಿಗ್‌ನಲ್ಲಿ ಆ ಪಟ್ಟಿ ನೋಡು ಅಂತ ಸರ್ವರ್‌ಗೆ ಹೇಳುವ ಸಿಆರ್‌ಎಲ್-ವೆರಿಫೈ ಸಾಲು ಸೇರಿಸಿ, ಆಫ್‌ಬೋರ್ಡಿಂಗ್ ಟಿಕೆಟ್ ಕ್ಲೋಸ್ ಮಾಡಿದ್ದೆ. ಸರ್ಟಿಫಿಕೇಟ್ ಮಾಡುವ ಈಸಿ-ಆರ್‌ಎಸ್‌ಎ ಸಾಫ್ಟ್‌ವೇರ್ ಆ ಪಟ್ಟಿಗೂ ಒಂದು ಅವಧಿ ಹಾಕುತ್ತದೆ, ಸುಮ್ಮನೆ ಬಿಟ್ಟರೆ 180 ದಿನ. ಅವಧಿ ಮುಗಿದರೆ ಪಟ್ಟಿಯಲ್ಲಿ ಇರುವವರು, ಇಲ್ಲದವರು ಅಂತ ಭೇದ ಇಲ್ಲ, ಯಾರನ್ನೂ ಒಳಗೆ ಬಿಡುವುದಿಲ್ಲ. ಒಬ್ಬರಿಗೆ ಹಾಕಿದ ಬೀಗ ಎಲ್ಲರಿಗೂ ಬಿದ್ದಿತ್ತು. ಸರ್ವರ್ ಬಾಗಿಲು ಮುಚ್ಚುವಾಗ ಕಾರಣ ಹೇಳುವುದಿಲ್ಲ. ಕ್ಲೈಂಟ್ ಒಂದು ನಿಮಿಷ ಕಾದು ಪಾಪ ನೆಟ್‌ವರ್ಕನ್ನು ಬೈಯುತ್ತದೆ. ಮೊದಲೇ ಒಳಗಿದ್ದವರಿಗೆ ಮಾತ್ರ ಕನೆಕ್ಷನ್‌ನ ಕೀ ಬದಲಾಗಿ ಮತ್ತೆ ತಪಾಸಣೆ ಆಗುವ ತನಕ ಏನೂ ಗೊತ್ತಾಗುವುದಿಲ್ಲ. ಡೀಫಾಲ್ಟ್ ಪ್ರಕಾರ ಅದು 3600 ಸೆಕೆಂಡಿಗೊಮ್ಮೆ. ರೀಸ್ಟಾರ್ಟ್ ಒತ್ತುವಾಗ ನನ್ನ ಕಲ್ಲಿನಂಥ ಕನೆಕ್ಷನ್‌ಗೆ ಉಳಿದಿದ್ದ ಆಯಸ್ಸು ಹದಿನೈದು ನಿಮಿಷ.

ಹೊಸ ಸಿಆರ್‌ಎಲ್‌ಗೆ ಸಿಎ ಕೀ, ಅಂದರೆ ಅದಕ್ಕೆ ಸಹಿ ಹಾಕುವ ಕೀ, ಬೇಕು. ಸಿಎ ಕೀ ಸರ್ವರ್‌ನಲ್ಲಿ ಇಡಬಾರದು ಅಂತ ಹಳೇ ಲ್ಯಾಪ್‌ಟಾಪ್‌ನಲ್ಲಿ ಇಟ್ಟಿದ್ದೆ. ಸರಿಯಾದ ಕ್ರಮವೇ, ಈಗಲೂ ಹಾಗೇ ಹೇಳುತ್ತೇನೆ. ಆದರೆ ಅದರ ಬ್ಯಾಟರಿ ಸತ್ತಿತ್ತು, ಚಾರ್ಜರ್ ಹುಡುಕಲು ಹತ್ತು ನಿಮಿಷ ಹೋಯಿತು. ಕ್ಲೌಡ್ ಫೈರ್‌ವಾಲ್‌ನಲ್ಲಿ ನನ್ನ ಐಪಿಗೆ ಮಾತ್ರ ಎಸ್‌ಎಸ್‌ಎಚ್‌ನ ಪೋರ್ಟ್ 22 ತೆರೆದು ಫೈಲ್ ಕಳಿಸಿದೆ. ಆಮೇಲೂ ಅದೇ ಎರರ್! ನಮ್ಮ ಓಪನ್‌ವಿಪಿಎನ್ ಶುರುವಾದ ಮೇಲೆ ನೋಬಡಿ ಎಂಬ ಹೆಚ್ಚು ಅಧಿಕಾರ ಇಲ್ಲದ ಯೂಸರ್ ಆಗಿ ಓಡುತ್ತದೆ. ನಾನು ಫೈಲ್ ಇಟ್ಟ ಡೈರೆಕ್ಟರಿಗೆ ನೋಬಡಿಗೆ ಪ್ರವೇಶ ಇಲ್ಲ. ಹಾಗಾಗಿ ಮೆಮೊರಿಯಲ್ಲಿದ್ದ ಹಳೇ ಪಟ್ಟಿಯನ್ನೇ ಹಿಡಿದು ಕೂತಿತ್ತು. ಪರ್ಮಿಷನ್ ಸರಿಮಾಡಿ ಎರಡನೇ ಸಲ ರೀಸ್ಟಾರ್ಟ್ ಮಾಡಿದೆ. ಈ ಸಲ ಬೀಳಿಸಲು ಯಾರೂ ಉಳಿದಿರಲಿಲ್ಲ. 11:15ಕ್ಕೆ ಜನ ಒಬ್ಬೊಬ್ಬರಾಗಿ ಒಳಗೆ ಬಂದರು.

ಮೂಲ ಕಾರಣ ಹುಡುಕುವ ಆರ್‌ಸಿಎ ಮೀಟಿಂಗ್‌ನಲ್ಲಿ ಕೇಳಿದ್ದು, ಮಾನಿಟರಿಂಗ್ ಇರಲಿಲ್ಲವಾ? ಇತ್ತಲ್ಲ. ಪ್ರೋಸೆಸ್ ಜೀವಂತ ಇದೆಯಾ ಅಂತ ನೋಡುತ್ತಿತ್ತು, ಕೊನೆಯ ತನಕ ಜೀವಂತವಾಗಿಯೇ ಇತ್ತು. ನಿಜವಾಗಿ ಲಾಗಿನ್ ಆಗಿ ನೋಡುವ ಚೆಕ್ ಬೇಕು ಅಂತ ಎರಡು ಕ್ವಾರ್ಟರ್ ಹಿಂದೆ ಕೇಳಿದ್ದೆ, ಅದು ಇನ್ನೂ ಬ್ಯಾಕ್‌ಲಾಗ್‌ನಲ್ಲೇ ಇದೆ. ಅವಧಿಯನ್ನು 3650 ದಿನ ಮಾಡಿಬಿಡಿ ಅಂತ ಒಬ್ಬರು ಸಲಹೆ ಕೊಟ್ಟರು. ಆಸೆಯಾಯಿತು. ಆದರೆ ಹತ್ತು ವರ್ಷದ ಮೇಲೆ ನನ್ನ ಕುರ್ಚಿಯಲ್ಲಿ ಕೂತವನು ಜನರಿಗೆ ರೌಟರ್ ಆಫ್ ಮಾಡಿಸುತ್ತಿರುವುದು ಕಣ್ಣಮುಂದೆ ಬಂತು. 180 ಹಾಗೇ ಬಿಟ್ಟೆ. ತಿಂಗಳಿಗೊಮ್ಮೆ ಹಳೇ ಲ್ಯಾಪ್‌ಟಾಪ್ ತೆಗೆದು ಹೊಸ ಸಿಆರ್‌ಎಲ್ ಮಾಡುತ್ತೇನೆ. ಚಾರ್ಜರನ್ನು ಅದಕ್ಕೇ ಟೇಪ್ ಸುತ್ತಿ ಅಂಟಿಸಿದ್ದೇನೆ.

ಅಕೌಂಟ್ಸ್ ಮೇಡಂ ಮಾತ್ರ ಮರೆತಿಲ್ಲ. ಅವರ ಪ್ರಿಂಟರ್ ಕೈಕೊಟ್ಟಾಗಲೂ ನನಗೆ ಫೋನ್ ಮಾಡಿ ಮೊದಲು ಕೇಳುವುದು, "ರೌಟರ್ ಆಫ್ ಮಾಡ್ಲಾ?"