ಪೆಡಲ್ ಒಳಗೆ ಹೋಯಿತೋ, ಗಟ್ಟಿಯಾಯಿತೋ?

ಪುಣೆಯ ಕಾತ್ರಜ್ ಕಡೆ ನಮ್ಮ ಗ್ಯಾರೇಜು. ಸಾತಾರಾ ರಸ್ತೆಯ ಘಾಟುಗಳನ್ನು ಇಳಿದು ಬರುವ ಗಾಡಿಗಳು ನಮ್ಮ ಬಾಗಿಲಿಗೇ ಬರುತ್ತವೆ. ಹಾಗಾಗಿ ‘ಬ್ರೇಕ್ ಫೇಲ್’ ಎಂಬ ದೂರು ನಮಗೆ ಹೊಸದಲ್ಲ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ನನ್ನ ಹತ್ತಿರ ಕೆಲಸ ಕಲಿಯುವ ಹುಡುಗರಿಗೆ ನಾನು ಹೇಳುವುದಿಷ್ಟು: ಬಾನೆಟ್ ಎತ್ತುವುದಕ್ಕೆ ಮುಂಚೆ ಗಾಡಿ ಓಡಿಸಿದವರನ್ನು ಕೂರಿಸಿ, ನೀರು ಕೊಟ್ಟು, ಆ ಹೊತ್ತಿನಲ್ಲಿ ಅವರ ಕಾಲಿಗೆ ಏನು ಗೊತ್ತಾಯಿತು ಎಂದು ಕೇಳಿ. ಬ್ರೇಕಿನ ಕೆಲವು ದೋಷಗಳು ಗಾಡಿ ತಣ್ಣಗಾದ ಕೂಡಲೇ ಕಾಣದಂತಾಗುತ್ತವೆ.

ಮಹಾಬಳೇಶ್ವರಕ್ಕೆ ಹೋಗಿದ್ದ ಒಂದು ಕುಟುಂಬಕ್ಕೆ ಹೀಗೇ ಆಗಿತ್ತು. ಪಸರಣಿ ಘಾಟ್ ಇಳಿದು ವಾಯಿ ಇನ್ನೇನು ಬಂತು ಅನ್ನುವಾಗ ಪೆಡಲ್ ತಳ ಮುಟ್ಟಿತ್ತು. ಹೇಗೋ ಗಾಡಿ ನಿಂತಿತ್ತು. ಒಂದೆರಡು ತಾಸಿನ ಮೇಲೆ ಅಲ್ಲಿ ನೋಡಿದ ಮೆಕ್ಯಾನಿಕ್ ಎಲ್ಲ ಸರಿಯಿದೆ ಎಂದು ಕಳಿಸಿಬಿಟ್ಟಿದ್ದರು. ಯಜಮಾನರು ಮಾತ್ರ ನಂಬದೆ, ಮನೆಯವರನ್ನು ಬಸ್ಸು ಹತ್ತಿಸಿ, ಗಾಡಿಯನ್ನು ಟೋ ಮಾಡಿಸಿಕೊಂಡು ನಮ್ಮಲ್ಲಿಗೆ ಬಂದರು. ಅವತ್ತು ಅವರು ಮಾಡಿದ್ದು ದೊಡ್ಡ ಕೆಲಸ ಎಂದೇ ನನ್ನ ಅಭಿಪ್ರಾಯ.

‘ಕಾಕಾ, ಪೆಡಲ್ ಗಟ್ಟಿ ಹತ್ತತೋ, ಮೆತ್ತಗ ಒಳಗ ಹೋತೋ?’

‘ಮೆತ್ತಗ ಹೋತು ತಮ್ಮಾ, ಸ್ಪಂಜಿನ ಮ್ಯಾಲ ಕಾಲಿಟ್ಟಂಗ. ನಾಕೈದ ಸಲ ತುಳಿದ ಮ್ಯಾಲ ಸ್ವಲ್ಪ ಹಿಡೀತು.’

‘ವಾಸನಿ ಏನರ ಬಂದಿತ್ತೇನ್ರಿ?’

‘ಎಡಗಡೆ ಮುಂದಿನ ಗಾಲಿ ಕಡಿಂದ ಸುಟ್ಟ ವಾಸನಿ.’

ಅರ್ಧ ಕೆಲಸ ಅಲ್ಲೇ ಮುಗಿಯಿತು. ಕಾಲಿನ ಒತ್ತಡವನ್ನು ಗಾಲಿಯವರೆಗೆ ಮುಟ್ಟಿಸುವ ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ, ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಇದೇ 230 ಮತ್ತು 155. ಕುದ್ದರೆ ಪೈಪಿನೊಳಗೆ ಆವಿ. ಆವಿ ಅದುಮಿಕೊಳ್ಳುತ್ತದೆ, ಹಾಗಾಗಿ ಗಾಲಿಯ ಡಿಸ್ಕನ್ನು ಹಿಡಿದು ನಿಲ್ಲಿಸುವ ಪ್ಯಾಡಿಗೆ ಕಾಲಿನ ಒತ್ತಡ ಮುಟ್ಟುವುದೇ ಇಲ್ಲ. ತಣ್ಣಗಾದರೆ ಆವಿ ಮತ್ತೆ ದ್ರವವಾಗಿ ಪೆಡಲ್ ಮೇಲೆ ಬರುತ್ತದೆ. ಆ ಮೆಕ್ಯಾನಿಕ್ ನೋಡಿದ್ದು ಆ ಪೆಡಲನ್ನು.

ಆದರೆ ಕುದಿದದ್ದೇಕೆ? ಎಡಗಾಲಿಯನ್ನು ಜಾಕಿನ ಮೇಲೆತ್ತಿ, ಪೆಡಲ್ ಒತ್ತಿ ಬಿಟ್ಟೆವು. ಗಾಲಿ ತಿರುಗಲಿಲ್ಲ. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ಹತ್ತಿರ ಪೈಪ್ ಸಡಿಲಿಸಿದರೂ ಬಿಡಲಿಲ್ಲ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನಲ್ಲಿ ಆಯಿಲ್ ಹೊರಬಿಡಲು ಇರುವ ಬ್ಲೀಡಿಂಗ್ ನಿಪ್ಪಲ್ ಸಡಿಲಿಸಿದಾಗ ಆಯಿಲ್ ಚಿಮ್ಮಿತು, ಗಾಲಿ ಸಲೀಸಾಗಿ ತಿರುಗಿತು. ಅಂದರೆ ಇವೆರಡರ ನಡುವಿನ ರಬ್ಬರ್ ಹೋಸ್ ಒಳಗೆ ಊದಿಕೊಂಡಿದೆ. ಒತ್ತಿದಾಗ ಹೋದ ಆಯಿಲ್ ಬಿಟ್ಟಾಗ ವಾಪಸ್ ಬರುತ್ತಿಲ್ಲ. ಇಡೀ ಘಾಟ್ ಪ್ಯಾಡ್ ಉಜ್ಜುತ್ತಲೇ ಇತ್ತು, ಆ ಬಿಸಿಗೇ ಆಯಿಲ್ ಕುದಿದಿತ್ತು. ನಿಪ್ಪಲ್ ತೆರೆದ ಮೇಲೂ ಗಾಲಿ ಬಿಡದಿದ್ದರೆ ಪ್ಯಾಡನ್ನು ತಳ್ಳುವ ಕ್ಯಾಲಿಪರಿನ ಪಿಸ್ಟನ್ನೋ, ಕ್ಯಾಲಿಪರ್ ಜಾರಾಡುವ ಪಿನ್ನು ತುಕ್ಕು ಹಿಡಿದದ್ದೋ ಕಾರಣ. ಸಹ್ಯಾದ್ರಿಯ ಮಳೆಯಲ್ಲಿ ಓಡಾಡುವ ಗಾಡಿಗಳಲ್ಲಿ ಪಿನ್ನುಗಳನ್ನು ನೋಡಲೇಬೇಕು.

ಇಲ್ಲಿಗೆ ನಿಲ್ಲಿಸಿದ್ದರೆ ತಪ್ಪಾಗುತ್ತಿತ್ತು. ಕಾರಿನಲ್ಲಿ ಬ್ರೇಕಿಗೆ ಎರಡು ಪ್ರತ್ಯೇಕ ದಾರಿಗಳಿರುತ್ತವೆ. ಎಷ್ಟೋ ಕಾರುಗಳಲ್ಲಿ ಮುಂದಿನ ಎಡ ಹಾಗೂ ಹಿಂದಿನ ಬಲ ಗಾಲಿ ಒಂದು ದಾರಿ, ಉಳಿದೆರಡು ಇನ್ನೊಂದು. ಒಂದು ಹೋಸ್ ಕೆಟ್ಟರೆ ಪೆಡಲ್ ಆಳಕ್ಕಿಳಿದರೂ ಅರ್ಧ ಬ್ರೇಕ್ ಉಳಿಯಬೇಕು. ಇಲ್ಲಿ ಎರಡೂ ಒಟ್ಟಿಗೆ ಹೋಗಿವೆಯೆಂದರೆ, ಎರಡಕ್ಕೂ ಸಮಾನವಾದದ್ದನ್ನು ಹುಡುಕಬೇಕು. ಅದು ಹಳೆಯ ಆಯಿಲ್. ಎಡದ ದಾರಿ ಸೋತ ಮೇಲೆ ಭಾರವೆಲ್ಲ ಬಲಗಾಲಿಗೆ ಬಿದ್ದು ಅಲ್ಲೂ ಕುದಿದಿತ್ತು. ಆಯಿಲ್ ಬದಲಿಸಿದ್ದು ಯಾವಾಗ ಎಂಬುದು ಕಾಕಾರಿಗೆ ನೆನಪಿರಲಿಲ್ಲ. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಬದಲಿಸಬೇಕು. ಮುಂದಿನ ಎರಡೂ ಹೋಸ್, ಎರಡೂ ಕಡೆಯ ಪ್ಯಾಡ್ ಹೊಸದು ಹಾಕಿ, ನಾಲ್ಕೂ ಗಾಲಿಗಳಿಂದ ಹಳೆಯ ಆಯಿಲ್ ಪೂರ್ತಿ ಹೊರತೆಗೆದೆವು.

ಅವರು ‘ಗಟ್ಟಿಯಾಗಿತ್ತು’ ಅಂದಿದ್ದರೆ ನಾವು ಬೇರೆ ಕಡೆಗೇ ಹೋಗುತ್ತಿದ್ದೆವು. ಇಂಜಿನ್ ಆಫ್ ಮಾಡಿ ಪೆಡಲನ್ನು ಹಲವು ಸಲ ತುಳಿದು, ಒತ್ತಿ ಹಿಡಿದು ಸ್ಟಾರ್ಟ್ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗೆ ಹೋಗಬೇಕು. ಹೋಗದಿದ್ದರೆ ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರ್ ಅಥವಾ ಅದರ ವ್ಯಾಕ್ಯೂಮ್ ಪೈಪ್ ನೋಡಬೇಕು. ಬೂಸ್ಟರ್ ಸರಿಯಿದ್ದು, ಪೆಡಲ್ ಎತ್ತರದಲ್ಲೇ ನಿಂತಿದ್ದರೂ ಗಾಡಿ ನಿಲ್ಲದಿದ್ದರೆ ಪ್ಯಾಡ್ ಅತಿಯಾಗಿ ಕಾದಿದೆ ಎಂದರ್ಥ. ಡಿಸ್ಕಿನ ಮೇಲೆ ನೀಲಿ ಕಲೆ ಹುಡುಕಿ. ಒತ್ತಿ ಹಿಡಿದ ಪೆಡಲ್ ಮೆಲ್ಲಗೆ ಇಳಿಯುತ್ತಾ ಹೋಗಿ, ಆಯಿಲ್ ಮಟ್ಟ ಮಾತ್ರ ಇದ್ದಲ್ಲೇ ಇದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದಿರುತ್ತದೆ. ಮಟ್ಟ ಇಳಿದಿದ್ದರೆ ಸೋರಿಕೆ. ಹಿಂದಿನ ಗಾಲಿಗಳ ಬ್ರೇಕ್ ಡ್ರಮ್ಮಿನೊಳಗೂ ಇಣುಕಿ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ರಬ್ಬರ್ ಊದಿದ್ದರೆ ಯಾರೋ ಬ್ರೇಕಿನದಲ್ಲದ ಬೇರೆ ಆಯಿಲ್ ಸುರಿದಿರಬಹುದು, ಆಗ ಒಳಗಿನ ರಬ್ಬರೆಲ್ಲ ಬದಲಾಗಬೇಕು. ಪೆಡಲ್ ಕೆಳಗೆ ನೀರಿನ ಬಾಟಲಿ ಉರುಳಿತ್ತೇ ಎಂದೂ ಕೇಳಿ.

ಘಾಟ್ ಇಳಿಯುವವರು ಎರಡನೇ ಗೇರಿನಲ್ಲಿ ಇಳಿಯಿರಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರಬೇಡಿ, ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಹಾಕಬೇಡಿ. ಪೆಡಲ್ ಹೋದರೆ ಬೇಗ ಬೇಗ ತುಳಿಯುತ್ತಾ ಒಂದೊಂದೇ ಗೇರು ಇಳಿಸಿ. ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿಹಿಡಿದು ನಿಧಾನವಾಗಿ ಎಳೆಯಿರಿ, ಒಮ್ಮೆಲೇ ಎಳೆದರೆ ಹಿಂದಿನ ಗಾಲಿ ಜಾರುತ್ತದೆ. ಕೀ ಮಾತ್ರ ಆಫ್ ಮಾಡಬೇಡಿ: ಬೂಸ್ಟರಿನ ಬಲ ಹೋಗುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ, ಕೀ ಹೊರತೆಗೆದರಂತೂ ಸ್ಟಿಯರಿಂಗ್ ಲಾಕ್ ಆಗಬಹುದು.